ರಕ್ತಪರೀಕ್ಷೆಯ ಅಂಕಿಯನ್ನು ಎಷ್ಟು ನಂಬಬೇಕು?

ಬರಿಯ ಹೊಟ್ಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡ ಒಬ್ಬ ಗೃಹಸ್ಥರ ಕೈಗೆ ‘ಗ್ಲೂಕೋಸ್ 128’ ಎಂಬ ವರದಿ ಬಂದಿದೆಯೆಂದು ಇಟ್ಟುಕೊಳ್ಳೋಣ. 100 ಮಿಲಿಲೀಟರಿನಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಗ್ಲೂಕೋಸ್ ಇದ್ದರೆ ಅದು ಮಧುಮೇಹವನ್ನು ಸೂಚಿಸುವುದೆಂದು ವೈದ್ಯರು ಎಲ್ಲೆಯೊಂದನ್ನು ಗೊತ್ತುಮಾಡಿಕೊಂಡಿದ್ದಾರೆ. ಗಾಬರಿಗೊಂಡ ಅವರು ಮರುದಿನ ಬೇರೊಂದು ಪ್ರಯೋಗಶಾಲೆಗೆ ಹೋಗುತ್ತಾರೆ. ಅಲ್ಲಿಯ ವರದಿಯಲ್ಲಿ ‘ಗ್ಲೂಕೋಸ್ 122’ ಎಂದಿರುತ್ತದೆ. ಮೊದಲನೆಯ ಅಂಕಿಯಂತೆ ಅವರು ಮಧುಮೇಹಿ, ಎರಡನೆಯದರಂತೆ ಅಲ್ಲ. ಹಾಗಾದರೆ ಇವೆರಡರಲ್ಲಿ ಯಾವುದು ಸುಳ್ಳು?

ಎರಡೂ ಸುಳ್ಳಲ್ಲದಿರಬಹುದು ಎಂಬ ಉತ್ತರವನ್ನು ಕೇಳಿದರೆ ಅನೇಕರಿಗೆ ಆಶ್ಚರ್ಯವಾದೀತು. ನಮ್ಮ ದೇಹದಲ್ಲಿ ಗ್ಲೂಕೋಸಿನ ಪ್ರಮಾಣ ದಿನದಿಂದ ದಿನಕ್ಕೆ ಸ್ವಲ್ಪ ಏರಿಳಿಯುವುದು ಸಹಜ. ಅದಲ್ಲದೆ, ಅಳತೆಯೆಂಬ ಕ್ರಿಯೆಗೇ ಅಂಟಿಕೊಂಡಿರುವ ದೋಷಗಳಿವೆ. ಇವು ಎಂತಹವು, ಇವನ್ನು ಪ್ರಯೋಗಶಾಲೆಯವರು ಹೇಗೆ ಹಿಡಿತದಲ್ಲಿಟ್ಟುಕೊಳ್ಳುತ್ತಾರೆ, ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈಗ ವಿಚಾರ ಮಾಡೋಣ.

ಎರಡು ಬಗೆಯ ದೋಷಗಳು

ಮೊದಲು ಗ್ಲೂಕೋಸನ್ನು ಅಳೆಯುವ ಬಗೆಯನ್ನು ನೋಡೋಣ. ರಕ್ತಕಣಗಳನ್ನು ಬೇರ್ಪಡಿಸಿ ಉಳಿದ ದ್ರವದ ಒಂದು ಸಣ್ಣ ಪಾಲಿಗೆ ಕೆಲವು ಕಿಣ್ವಗಳನ್ನೂ ರಾಸಾಯನಿಕಗಳನ್ನೂ ಬೆರೆಸುತ್ತಾರೆ. ಗ್ಲೂಕೋಸ್ ಹೆಚ್ಚಾಗಿದ್ದಷ್ಟೂ ಮಿಶ್ರಣದ ಬಣ್ಣ ಗಾಢವಾಗುತ್ತದೆ. ಅದರ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂಬುದನ್ನು ಉಪಕರಣವು ಗುರುತಿಸುತ್ತದೆ. ಗ್ಲೂಕೋಸಿನ ಪ್ರಮಾಣ ಮೊದಲೇ ಗೊತ್ತಿರುವ ಒಂದು ದ್ರಾವಣವನ್ನೂ ಹೀಗೆಯೇ ಅಳೆದು, ಎರಡನ್ನೂ ಹೋಲಿಸಿ, ರೋಗಿಯ ರಕ್ತದ ಅಂಕಿಯನ್ನು ಲೆಕ್ಕಹಾಕುತ್ತಾರೆ. ಉಪಕರಣವು ಗ್ಲೂಕೋಸನ್ನು ನೇರವಾಗಿ ಕಾಣುವುದೇ ಇಲ್ಲ. ಅದು ಕಾಣುವುದು ಬೆಳಕನ್ನು ಮಾತ್ರ. ಉಳಿದುದೆಲ್ಲ ಹೋಲಿಕೆಯಿಂದ ಬಂದ ಅನುಮಾನ. ಈ ಸರಪಣಿಯ ಯಾವ ಕೊಂಡಿಯಲ್ಲಿ ಬೇಕಾದರೂ ವ್ಯತ್ಯಾಸ ನುಸುಳಬಹುದು.

ಈ ವ್ಯತ್ಯಾಸಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಅಂಗಡಿಯ ತಕ್ಕಡಿಯ ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ. ಒಂದೇ ಅಚ್ಚು ಬೆಲ್ಲವನ್ನು ಹತ್ತು ಸಲ ತೂಗಿದರೆ, ಗಾಳಿಯ ಅಲುಗಾಟದಿಂದಲೋ ತೂಗುವವನ ಕೈಯ ನಡುಕದಿಂದಲೋ ಒಮ್ಮೆ ಕೂದಲೆಳೆಯಷ್ಟು ಹೆಚ್ಚು, ಒಮ್ಮೆ ಅಷ್ಟೇ ಕಡಮೆ ಬರುತ್ತದೆ. ಇದು ಯಾದೃಚ್ಛಿಕ ದೋಷ. ಇದಕ್ಕೆ ಪಕ್ಷಪಾತವಿಲ್ಲ, ಹಲವು ಸಲ ತೂಗಿ ಸರಾಸರಿ ತೆಗೆದರೆ ಹೆಚ್ಚುಕಡಮೆಗಳು ಒಂದನ್ನೊಂದು ತಿಂದುಹಾಕುತ್ತವೆ. ಆದರೆ ತಕ್ಕಡಿಯ ಒಂದು ತಟ್ಟೆಯೇ ಇನ್ನೊಂದಕ್ಕಿಂತ ಭಾರವಾಗಿದ್ದರೆ? ಆಗ ಹತ್ತು ಸಲವಲ್ಲ, ಸಾವಿರ ಸಲ ತೂಗಿದರೂ ತಪ್ಪು ಒಂದೇ ಕಡೆಗೆ ಬೀಳುತ್ತದೆ. ಇದು ವ್ಯವಸ್ಥಿತ ದೋಷ. ಸರಾಸರಿಯಿಂದ ಇದು ಅಳಿಯುವುದಿಲ್ಲ. ಪ್ರತಿ ಸಲವೂ ಅದೇ ಉತ್ತರ ಬರುತ್ತಿರುವುದನ್ನು ನೋಡಿ ತೂಗುವವನು ತನ್ನ ತಕ್ಕಡಿ ಬಹಳ ಚೆನ್ನಾಗಿದೆಯೆಂದು ನೆಮ್ಮದಿಯಿಂದಲೂ ಇರಬಹುದು.

ಇವುಗಳ ಪರಿಣಾಮವನ್ನು ನಮ್ಮ ಗೃಹಸ್ಥರಿಗೆ ಅನ್ವಯಿಸಿ ನೋಡೋಣ. ಅವರ ರಕ್ತದಲ್ಲಿ ನಿಜವಾಗಿ ಇರುವ ಗ್ಲೂಕೋಸ್ 124 ಎಂದೂ, ಅಳತೆಯ ಚದರಿಕೆಯನ್ನು ಸೂಚಿಸುವ ‘ಮಾನಕ ವಿಚಲನೆ’ 2.5 ಎಂದೂ ಊಹಿಸಿರಿ. ಇದೇ ರಕ್ತವನ್ನು ಮತ್ತೆ ಮತ್ತೆ ಅಳೆದರೆ, ಸುಮಾರು ಐದು ಸಲಕ್ಕೆ ಒಂದು ಸಲ 126 ಅಥವಾ ಅದಕ್ಕೂ ಮೇಲಿನ ಅಂಕಿ ಬರುತ್ತದೆಂದು ಗಣಿತವು ತಿಳಿಸುತ್ತದೆ. ಯಾರೂ ತಪ್ಪು ಮಾಡಿಲ್ಲ. ಆದರೂ ಐದರಲ್ಲಿ ಒಂದು ಸಲ ಅವರಿಗೆ ಮಧುಮೇಹಿಯೆಂಬ ಹೆಸರು ಅಂಟುತ್ತದೆ. ಇದಕ್ಕೆ ಬದಲಾಗಿ ಪ್ರಯೋಗಶಾಲೆಯಲ್ಲಿ 4 ಮಿಲಿಗ್ರಾಮಿನಷ್ಟು ಮೇಲ್ಮುಖವಾದ ವ್ಯವಸ್ಥಿತ ದೋಷವಿದ್ದರೆ, ಆ ಊರಿನಲ್ಲಿ 122ರಿಂದ 126ರ ನಡುವೆ ಇರುವವರೆಲ್ಲರೂ ಎಲ್ಲೆಯ ಆಚೆಗೆ ತಳ್ಳಲ್ಪಡುತ್ತಾರೆ. ದೋಷ ಕೆಳಮುಖವಾಗಿದ್ದರೆ, ಚಿಕಿತ್ಸೆ ಬೇಕಾದವರು ‘ನನಗೇನೂ ಇಲ್ಲ’ವೆಂದು ಮನೆಗೆ ಹೋಗುತ್ತಾರೆ. ಯಾದೃಚ್ಛಿಕ ದೋಷವು ಒಬ್ಬೊಬ್ಬರನ್ನು ಕಾಡಿದರೆ, ವ್ಯವಸ್ಥಿತ ದೋಷವು ಇಡಿಯ ಊರನ್ನೇ ಕಾಡುತ್ತದೆ.

ಉತ್ತರ ಗೊತ್ತಿರುವ ಪ್ರಶ್ನೆ

ರೋಗಿಯ ರಕ್ತದಲ್ಲಿ ನಿಜವಾಗಿ ಎಷ್ಟಿದೆಯೆಂಬುದು ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ಹಾಗಿರುವಾಗ ಉಪಕರಣ ತಪ್ಪುತ್ತಿದೆಯೆಂದು ಕಂಡುಕೊಳ್ಳುವುದು ಹೇಗೆ? ಇದಕ್ಕಿರುವ ಉಪಾಯ ಸರಳವಾದುದು. ಉಪಾಧ್ಯಾಯರು ತಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ ಶಿಷ್ಯನನ್ನು ಪರೀಕ್ಷಿಸುವಂತೆ, ಪ್ರಯೋಗಶಾಲೆಯವರು ಪ್ರಮಾಣ ಗೊತ್ತಿರುವ ದ್ರವವನ್ನು ರೋಗಿಗಳ ಮಾದರಿಗಳಂತೆಯೇ ಉಪಕರಣಕ್ಕೆ ಒಡ್ಡುತ್ತಾರೆ. ಇದಕ್ಕೆ ನಿಯಂತ್ರಣ ಮಾದರಿಯೆಂದು ಹೆಸರು. ಅದನ್ನು ಕಡಮೆಯೆಂದರೆ ಇಪ್ಪತ್ತು ದಿನ ಅಳೆದು, ಬಂದ ಅಂಕಿಗಳಿಂದ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಮೊದಲೇ ಕಂಡುಹಿಡಿದಿರುತ್ತಾರೆ.

ಈ ಉಪಾಯಕ್ಕೆ ಬೆನ್ನೆಲುಬಾದ ವಿಚಾರ ಹುಟ್ಟಿದುದು ಆಸ್ಪತ್ರೆಯಲ್ಲಿ ಅಲ್ಲ, ಕಾರ್ಖಾನೆಯಲ್ಲಿ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯಲ್ಲಿದ್ದ ವಾಲ್ಟರ್ ಷೂಹಾರ್ಟ್ ಎಂಬ ಭೌತವಿಜ್ಞಾನಿ, ತಯಾರಾದ ವಸ್ತುಗಳ ಗುಣವನ್ನು ಕಾಯುವುದಕ್ಕಾಗಿ 1924ರಲ್ಲಿ ‘ನಿಯಂತ್ರಣ ಪಟ’ವನ್ನು ರೂಪಿಸಿದನು. ಪ್ರೊಫೆಸರ್ ಮಹಲನೋಬಿಸರ ಆಹ್ವಾನದ ಮೇಲೆ ಇವನು 1947-48ರಲ್ಲಿ ನಮ್ಮ ದೇಶಕ್ಕೂ ಬಂದು, ಇಲ್ಲಿಯ ಉದ್ಯಮಗಳಲ್ಲಿ ಈ ವಿಚಾರಕ್ಕೆ ಪ್ರಚಾರ ಕೊಟ್ಟನು. 1950ರಲ್ಲಿ ಲೆವೆ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಇದನ್ನು ವೈದ್ಯಕೀಯ ಪ್ರಯೋಗಶಾಲೆಗೆ ತಂದರು. ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಇಂತಹ ಪಟ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಪಟದ ರಚನೆ ಹೀಗಿದೆ. ನಿಯಂತ್ರಣ ಮಾದರಿಯ ಸರಾಸರಿ 100, ಮಾನಕ ವಿಚಲನೆ 2 ಎಂದಿರಲಿ. ನಡುವೆ 100ರ ಗೆರೆ. ಅದರ ಮೇಲೂ ಕೆಳಗೂ 98 ಮತ್ತು 102, 96 ಮತ್ತು 104, 94 ಮತ್ತು 106ರ ಗೆರೆಗಳು. ಪ್ರತಿದಿನ ಬಂದ ಅಂಕಿಯನ್ನು ಒಂದು ಚುಕ್ಕೆಯಾಗಿ ಗುರುತಿಸುತ್ತಾರೆ. ಎಲ್ಲವೂ ಸರಿಯಾಗಿದ್ದರೆ ನೂರು ಚುಕ್ಕೆಗಳಲ್ಲಿ ಸುಮಾರು 95 ಚುಕ್ಕೆಗಳು 96 ಮತ್ತು 104ರ ನಡುವೆ ಬೀಳುತ್ತವೆ. ಅಂದರೆ ಇಪ್ಪತ್ತು ದಿನಕ್ಕೊಮ್ಮೆ ಚುಕ್ಕೆ ಈ ಗೆರೆಯನ್ನು ದಾಟುವುದು ನಿರೀಕ್ಷಿತವೇ, ಅಷ್ಟಕ್ಕೇ ಗಾಬರಿಪಡಬೇಕಾಗಿಲ್ಲ. ಆದರೆ 94 ಮತ್ತು 106ರ ಗೆರೆಗಳ ಆಚೆಗೆ ಚುಕ್ಕೆ ಬೀಳುವ ಸಂಭವ ಸಾವಿರಕ್ಕೆ ಮೂರು ಮಾತ್ರ. ಅಲ್ಲಿ ಚುಕ್ಕೆ ಬಿದ್ದರೆ ಕೆಲಸವನ್ನು ನಿಲ್ಲಿಸಿ ಕಾರಣವನ್ನು ಹುಡುಕತಕ್ಕದ್ದು.

ಪಟದ ಹೆಚ್ಚುಗಾರಿಕೆ ಬೇರೊಂದಿದೆ. ಒಂದು ಚುಕ್ಕೆಯೂ ಗೆರೆಗಳನ್ನು ದಾಟದಿದ್ದರೂ ಒಟ್ಟು ಚುಕ್ಕೆಗಳ ನಡಗೆಯಿಂದ ಕೇಡನ್ನು ಮುಂಚಿತವಾಗಿ ತಿಳಿಯಬಹುದು. ಹತ್ತು ದಿನ ಸತತವಾಗಿ ಎಲ್ಲ ಚುಕ್ಕೆಗಳೂ ನಡುಗೆರೆಯ ಒಂದೇ ಪಕ್ಕದಲ್ಲಿ ಬಿದ್ದರೆ ಏನರ್ಥ? ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಹತ್ತು ಸಲವೂ ಒಂದೇ ಮುಖ ಬೀಳುವ ಸಂಭವ 512ರಲ್ಲಿ ಒಂದು. ಇಷ್ಟು ಅಪರೂಪವಾದುದು ಅದೃಷ್ಟದಿಂದ ನಡೆಯಿತೆಂದು ಸುಮ್ಮನಿರುವುದಕ್ಕಿಂತ, ದೀಪದ ಬೆಳಕು ಕುಂದುತ್ತಿರಬಹುದೆ, ದ್ರಾವಣ ಹಳಸಿರಬಹುದೆ ಎಂದು ವಿಚಾರಿಸುವುದು ವಿವೇಕ. ಇದೇ ರೀತಿಯ ಹಲವು ಸೂತ್ರಗಳನ್ನು ಜೇಮ್ಸ್ ವೆಸ್ಟ್‌ಗಾರ್ಡ್ ಮತ್ತು ಸಂಗಡಿಗರು 1981ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದರು. ಚುಕ್ಕೆಗಳು ಒಂದೇ ಕಡೆಗೆ ಸರಿಯುತ್ತಿದ್ದರೆ ವ್ಯವಸ್ಥಿತ ದೋಷದ ಸಂಶಯ. ಎರಡೂ ಕಡೆಗೆ ಮಿತಿಮೀರಿ ಚದರುತ್ತಿದ್ದರೆ ಯಾದೃಚ್ಛಿಕ ದೋಷದ ಸಂಶಯ.

ಎಚ್ಚರಿಕೆಯನ್ನು ಕೇಳದಿದ್ದರೆ

ಪಟವು ಎಚ್ಚರಿಸಬಲ್ಲದೇ ಹೊರತು ಕೈಹಿಡಿದು ತಡೆಯಲಾರದು. ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಆಸ್ಪತ್ರೆಯಲ್ಲಿ 2002 ಮತ್ತು 2003ರ ನಡುವೆ ನಡೆದ ಸಂಗತಿ ಇದಕ್ಕೆ ನಿದರ್ಶನ. ಉಪಕರಣದ ನಿಯಂತ್ರಣ ಪರೀಕ್ಷೆಗಳು ಫಲಿತಾಂಶಗಳು ನಂಬಲರ್ಹವಲ್ಲವೆಂದು ಸೂಚಿಸುತ್ತಿದ್ದರೂ, ಒಂದು ವರ್ಷಕ್ಕೂ ಹೆಚ್ಚು ಕಾಲ ಎಚ್.ಐ.ವಿ. ಮತ್ತು ಹೆಪಟೈಟಿಸ್ ಪರೀಕ್ಷೆಯ ವರದಿಗಳನ್ನು ನಾನೂರಕ್ಕೂ ಮಿಕ್ಕಿದ ಜನರಿಗೆ ಕೊಡಲಾಯಿತು. ವಿಷಯ ಬಯಲಾದುದು 2004ರಲ್ಲಿ. ಮರುಪರೀಕ್ಷೆ ಮಾಡಿದಾಗ ಬಹುಪಾಲು ವರದಿಗಳು ಸರಿಯಾಗಿಯೇ ಇದ್ದುವು. ಹಾಗಾದರೆ ಅಪರಾಧವೇನೂ ಆಗಲಿಲ್ಲವೆ? ಆಯಿತು. ನಿಯಂತ್ರಣ ತಪ್ಪಿದ ಉಪಕರಣವು ಸರಿಯಾದ ಉತ್ತರ ಕೊಟ್ಟರೂ ಅದು ಸರಿಯೆಂದು ತಿಳಿಯುವ ಮಾರ್ಗ ಆಗ ಯಾರಿಗೂ ಇರಲಿಲ್ಲ. ತನ್ನ ಪ್ರಾಣಕ್ಕೆ ಸಂಬಂಧಿಸಿದ ಮಾತನ್ನು ಕೇಳಬಂದವನಿಗೆ ಅದೃಷ್ಟವನ್ನು ಜ್ಞಾನವೆಂದು ಕೊಟ್ಟಂತಾಯಿತು.

ಇನ್ನೊಂದು ತೊಡಕೂ ಉಂಟು. ಪ್ರಯೋಗಶಾಲೆಯೊಂದು ತಾನೇ ಕಂಡುಕೊಂಡ ಸರಾಸರಿಯೊಡನೆ ತನ್ನನ್ನು ಹೋಲಿಸಿಕೊಂಡರೆ, ಆ ಸರಾಸರಿಯೇ ಓರೆಯಾಗಿದ್ದಾಗ ಅದು ತಿಳಿಯುವುದಿಲ್ಲ. ಇದಕ್ಕೆ ಹೊರಗಿನ ಸಾಕ್ಷಿ ಬೇಕು. 1947ರಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಎಂಬ ವೈದ್ಯರು ಅಮೆರಿಕದ ಪೆನ್ಸಿಲ್ವೇನಿಯದ 59 ಆಸ್ಪತ್ರೆಗಳ ಪ್ರಯೋಗಶಾಲೆಗಳಿಗೆ ಒಂದೇ ಬಗೆಯ ಮಾದರಿಗಳನ್ನು ಕಳುಹಿಸಿ ಬಂದ ಉತ್ತರಗಳನ್ನು ಪ್ರಕಟಿಸಿದರು. ಅನೇಕ ಉತ್ತರಗಳು ಒಪ್ಪತಕ್ಕ ಮಿತಿಯ ಹೊರಗೇ ಇದ್ದುದನ್ನು ಕಂಡು ವೈದ್ಯಲೋಕ ಬೆಚ್ಚಿತು. ಹೀಗೆ ಆರಂಭವಾದ ಪರಸ್ಪರ ಹೋಲಿಕೆಯ ಪದ್ಧತಿ ಈಗ ಎಲ್ಲ ಕಡೆಗೂ ಹಬ್ಬಿದೆ. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇಂತಹ ಮಾದರಿಗಳನ್ನು ಪ್ರಯೋಗಶಾಲೆಗಳಿಗೆ ಕಳುಹಿಸಿ, ಬಂದ ಉತ್ತರಗಳನ್ನು ಹೋಲಿಸಿ ತಿಳಿಸುತ್ತದೆ.

ಉಪಕರಣವನ್ನು ಮುಟ್ಟುವ ಮೊದಲೇ

ಇಷ್ಟೆಲ್ಲ ಕಾವಲಿದ್ದರೂ ಅದು ಕಾಯುವುದು ಅಳತೆಯನ್ನು ಮಾತ್ರ. ಆದರೆ ವೈದ್ಯಕೀಯ ಪರೀಕ್ಷೆಗಳಲ್ಲಿ ಕಂಡುಬರುವ ತಪ್ಪುಗಳಲ್ಲಿ ಹೆಚ್ಚಿನವು ರಕ್ತವು ಉಪಕರಣವನ್ನು ಮುಟ್ಟುವ ಮೊದಲೇ ನಡೆದುಹೋಗಿರುತ್ತವೆ. ಸೀಸೆಯೊಳಗೆ ಸೇರಿದ ಮೇಲೂ ರಕ್ತಕಣಗಳು ಜೀವಂತವಾಗಿಯೇ ಇದ್ದು ಗ್ಲೂಕೋಸನ್ನು ಉಪಯೋಗಿಸುತ್ತಿರುತ್ತವೆ. ರಕ್ತವನ್ನು ಹಾಗೆಯೇ ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಗ್ಲೂಕೋಸ್ ಕಡಮೆಯಾಗುತ್ತದೆ. ಎರಡು ಗಂಟೆ ತಡವಾದರೆ 130 ಇದ್ದುದು ಎಲ್ಲೆಯ ಕೆಳಗೆ ಇಳಿದುಬಿಡುತ್ತದೆ. ಇದನ್ನು ತಡೆಯಲೆಂದೇ ಗ್ಲೂಕೋಸ್ ಪರೀಕ್ಷೆಯ ಸೀಸೆಯಲ್ಲಿ ಫ್ಲೋರೈಡ್ ಲವಣವನ್ನು ಹಾಕಿರುತ್ತಾರೆ. ಬೂದು ಬಣ್ಣದ ಮುಚ್ಚಳದಿಂದ ಅದನ್ನು ಗುರುತಿಸಬಹುದು. ಇದರಂತೆಯೇ ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದರೆ, ಅವುಗಳ ಒಳಗೆ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿರುವ ಪೊಟ್ಯಾಸಿಯಮ್ ಹೊರಗೆ ಹರಿದು, ಆರೋಗ್ಯವಂತನ ವರದಿಯೂ ಭಯಂಕರವಾಗಿ ಕಾಣಬಹುದು. ಒಬ್ಬರ ಸೀಸೆಗೆ ಇನ್ನೊಬ್ಬರ ಹೆಸರಿನ ಚೀಟಿಯನ್ನು ಅಂಟಿಸಿದರಂತೂ ಎಂತಹ ನಿಯಂತ್ರಣ ಪಟವೂ ಅದನ್ನು ಹಿಡಿಯಲಾರದು.

ವಾಚಕರು ತಿಳಿದಿರಬೇಕಾದ ಮತ್ತೊಂದು ವಿಷಯ ವರದಿಯ ಪಕ್ಕದಲ್ಲಿ ಅಚ್ಚಾಗಿರುವ ‘ಸಾಮಾನ್ಯ ಮಿತಿ’ಗೆ ಸಂಬಂಧಿಸಿದುದು. ಅನೇಕ ಪರೀಕ್ಷೆಗಳಲ್ಲಿ ಈ ಮಿತಿಯನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಉಳಿದ ಐವರು ಆರೋಗ್ಯವಾಗಿಯೇ ಇದ್ದರೂ ಹೊರಗೆ ಬೀಳುತ್ತಾರೆ. ಆದುದರಿಂದ ಒಬ್ಬ ಆರೋಗ್ಯವಂತನು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿಕೊಂಡರೆ, ಕಡಮೆಯೆಂದರೆ ಒಂದರಲ್ಲಾದರೂ ಮಿತಿಯ ಹೊರಗಿನ ಅಂಕಿ ಬರುವ ಸಂಭವ ನೂರಕ್ಕೆ 64! ‘ಸಮಗ್ರ ತಪಾಸಣೆ’ಯೆಂದು ಹಲವಾರು ಪರೀಕ್ಷೆಗಳನ್ನು ಒಂದೇ ಬೆಲೆಗೆ ಮಾಡಿಕೊಡುವ ಈ ಕಾಲದಲ್ಲಿ, ದಪ್ಪಕ್ಷರದಲ್ಲಿ ಅಚ್ಚಾದ ಒಂದು ಅಂಕಿಯನ್ನು ಕಂಡು ನಿದ್ರೆಗೆಡುವವರು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗೆಂದು ಪರೀಕ್ಷೆಗಳನ್ನು ತಾತ್ಸಾರಮಾಡುವುದು ಸರ್ವಥಾ ಕೂಡದು. ತನ್ನ ದೋಷ ಎಷ್ಟೆಂದು ಅಳೆದುಕೊಂಡಿರುವ ಅಳತೆಯೇ ನಂಬಿಕೆಗೆ ಅರ್ಹವಾದ ಅಳತೆ. ಎಲ್ಲೆಯ ಹತ್ತಿರ ಬಂದ ಒಂದೇ ಅಂಕಿಯಿಂದ ಮಧುಮೇಹವೆಂದು ನಿರ್ಧರಿಸದೆ, ಸ್ಪಷ್ಟವಾದ ರೋಗಲಕ್ಷಣಗಳು ಇಲ್ಲದಿದ್ದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೆಂದು ವೈದ್ಯರು ಹೇಳುವುದು ಈ ಕಾರಣದಿಂದಲೇ. ವಾಚಕರು ತಮ್ಮ ಮಟ್ಟಿಗೆ ಮಾಡಬಹುದಾದ ಕೆಲಸಗಳೂ ಕೆಲವಿವೆ. ಉಪವಾಸವಿರಬೇಕೆಂದು ಹೇಳಿದ್ದರೆ ನಿಯಮದಂತೆ ಇರುವುದು. ಸೀಸೆಯ ಮೇಲಿನ ಹೆಸರನ್ನು ಅಲ್ಲಿಯೇ ನೋಡಿಕೊಳ್ಳುವುದು. ವರ್ಷ ವರ್ಷದ ಅಂಕಿಗಳನ್ನು ಹೋಲಿಸಬೇಕಾದಾಗ ಆದಷ್ಟು ಮಟ್ಟಿಗೆ ಒಂದೇ ಪ್ರಯೋಗಶಾಲೆಗೆ ಹೋಗುವುದು. ಅಲ್ಲಿ ದಿನವೂ ನಿಯಂತ್ರಣ ಮಾದರಿಯನ್ನು ಪರೀಕ್ಷಿಸುತ್ತಾರೆಯೆ, ಹೊರಗಿನ ಹೋಲಿಕೆಯ ಯೋಜನೆಯಲ್ಲಿ ಸೇರಿದ್ದಾರೆಯೆ ಎಂದು ಸಂಕೋಚವಿಲ್ಲದೆ ಕೇಳುವುದು. ಚೆನ್ನಾಗಿ ಕೆಲಸ ಮಾಡುವ ಪ್ರಯೋಗಶಾಲೆಯವರಿಗೆ ಈ ಪ್ರಶ್ನೆಯಿಂದ ಬೇಸರವಾಗಲಾರದು. ತಮ್ಮ ಪಟವನ್ನು ಅವರು ಸಂತೋಷದಿಂದಲೇ ತೋರಿಸಿಯಾರು.