ಹಳೆಯ ಸ್ಪೋರ್ಟ್ಸ್ ಕಾರಿನ ಏರ್‌ಬ್ಯಾಗ್ ದೀಪ: ಉರಿದರೇನು, ಉರಿಯದಿದ್ದರೇನು?

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನಿಗೆ ಬಹುಕಾಲದ ಒಂದು ಆಸೆ. ಅದೇ ಊರಿನ ಪೋರ್ಷೆ ಕಂಪನಿಯ ಬಾಕ್ಸ್‌ಸ್ಟರ್ ಕಾರನ್ನು, ಹಳೆಯದಾದರೂ ಸರಿ, ಕೊಳ್ಳಬೇಕೆಂಬುದು. ಒಂದು ಭಾನುವಾರ ದೂರವಾಣಿಯಲ್ಲಿ ಆತ ಉತ್ಸಾಹದಿಂದ ಹೇಳಿದ: “ಮಾವ, ಕಾರು ನೋಡಿ ಬಂದೆ. ಇಪ್ಪತ್ತು ವರ್ಷ ದಾಟಿದ್ದರೂ ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತಿಲ್ಲ. ಎಲ್ಲ ಸರಿಯಾಗಿದೆ ಅಂತ ಮಾರುವವರು ಹೇಳಿದರು.”

“ಕೀಲಿ ತಿರುಗಿಸಿದಾಗಲಾದರೂ ಒಮ್ಮೆ ಹತ್ತಿತೇನೋ?” ಎಂದು ಕೇಳಿದೆ.

“ಇಲ್ಲ ಮಾವ, ಒಮ್ಮೆಯೂ ಇಲ್ಲ.”

“ಹಾಗಿದ್ದರೆ ಹಣ ಕೊಡಬೇಡ, ತಡಿ” ಎಂದೆ. ನಾನು ಕಲಾ ವಿಭಾಗದ ಪದವೀಧರ, ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ಬ್ಯಾಂಕಿನ ವಾಹನ ಸಾಲದ ಮೇಜಿನಲ್ಲಿ ಕಳೆದ ವರ್ಷಗಳು ಹಳೆಯ ಕಾರುಗಳ ಕುರಿತು ಒಂದಿಷ್ಟು ಅನುಮಾನವನ್ನೂ ಒಂದಿಷ್ಟು ತಿಳಿವನ್ನೂ ಕೊಟ್ಟಿವೆ.

ಏರ್‌ಬ್ಯಾಗ್ ವ್ಯವಸ್ಥೆಗೆ ಒಂದು ಪುಟ್ಟ ಗಣಕವಿದೆ. ಕೀಲಿ ತಿರುಗಿಸಿದೊಡನೆ ಅದು ತನ್ನ ಅಧೀನದ ಎಲ್ಲ ತಂತಿಗಳನ್ನೂ ಪರೀಕ್ಷಿಸುತ್ತದೆ. ಆ ಕೆಲವು ಸೆಕೆಂಡುಗಳ ಕಾಲ ಡ್ಯಾಶ್‌ಬೋರ್ಡಿನ ದೀಪ ಉರಿದು, ಎಲ್ಲವೂ ಕ್ರಮವಾಗಿದ್ದರೆ ಆರಬೇಕು. ಆರದಿದ್ದರೆ ದೋಷವಿದೆ ಎಂದರ್ಥ. ಮೊದಲಿನಿಂದಲೂ ಹತ್ತದಿದ್ದರೆ ಒಂದೋ ದೀಪವೇ ಕೆಟ್ಟಿದೆ, ಇಲ್ಲವೇ ದೋಷವನ್ನು ಮರೆಮಾಡಲು ಯಾರೋ ಅದನ್ನು ಕಿತ್ತಿದ್ದಾರೆ. ಬೇರೊಂದು ದೀಪದ ತಂತಿಗೆ ಇದನ್ನು ಜೋಡಿಸಿ, ಅದರೊಂದಿಗೇ ಹತ್ತಿ ಆರುವಂತೆ ಮಾಡುವ ಚಾಣಾಕ್ಷರೂ ಉಂಟು. ದೀಪ ಉರಿಯುತ್ತಿರುವ ಕಾರಿನಲ್ಲಿ ಅಪಘಾತವಾದರೆ ಗಾಳಿಚೀಲ ಬಿಚ್ಚಿಕೊಳ್ಳುತ್ತದೆಂಬ ಭರವಸೆಯಿಲ್ಲ. ದೀಪ ಕಿತ್ತ ಕಾರಿನಲ್ಲಿಯೂ ಪರಿಸ್ಥಿತಿ ಅದೇ. ವ್ಯತ್ಯಾಸವೆಂದರೆ ಪಕ್ಕದಲ್ಲಿ ಕುಳಿತ ಹೆಂಡತಿಗೋ ಮಗುವಿಗೋ ಅದು ಗೊತ್ತಿರುವುದಿಲ್ಲ.

ಮೊದಲ ತಲೆಮಾರಿನ ಬಾಕ್ಸ್‌ಸ್ಟರ್ 1996ರಿಂದ 2004ರವರೆಗೆ ತಯಾರಾಯಿತು. 986 ಎಂಬುದು ಅದರ ಒಳಸಂಖ್ಯೆ. ಎದುರಿನ ಎರಡು ಚೀಲಗಳಲ್ಲದೆ ಬಾಗಿಲುಗಳೊಳಗೆ ಪಕ್ಕದ ಚೀಲಗಳಿರುವ ಕಾರುಗಳೂ ಈ ಪೀಳಿಗೆಯಲ್ಲಿವೆ. ವಯಸ್ಸಾದ ಈ ಕಾರುಗಳಲ್ಲಿ ದೀಪ ಉರಿಯಲು ಚೀಲವೇ ಕೆಟ್ಟಿರಬೇಕೆಂದಿಲ್ಲ. ಚೀಲದ ಸಿಡಿಮದ್ದನ್ನು ಹೊತ್ತಿಸುವ ಸಾಧನದ ವಿದ್ಯುತ್ ಪ್ರತಿರೋಧ ಸುಮಾರು ಎರಡು ಓಮ್ ಅಷ್ಟೆ. ತಂತಿಯ ಕನೆಕ್ಟರಿನಲ್ಲಿ ಒಂದಿಷ್ಟು ಕಿಲುಬು ಹಿಡಿದು ಆ ಲೆಕ್ಕ ಏರುಪೇರಾದರೂ ಗಣಕ ಒಪ್ಪುವುದಿಲ್ಲ. ನಮ್ಮ ಬ್ಯಾಂಕಿನ ಆಡಿಟರುಗಳಂತೆ ಅದಕ್ಕೆ ಒಂದು ರೂಪಾಯಿ ವ್ಯತ್ಯಾಸವೂ ವ್ಯತ್ಯಾಸವೇ.

986ರಲ್ಲಿ ಬಹು ಪರಿಚಿತವಾದ ದೋಷ ಚಾಲಕನ ಸೀಟ್‌ಬೆಲ್ಟಿನ ಬಕಲ್‌ನದು. ಬೆಲ್ಟ್ ತೊಟ್ಟಿದ್ದಾರೆಯೇ ಎಂದು ತಿಳಿಸುವ ಸ್ವಿಚ್ಚು ಬಕಲ್ಲಿನೊಳಗೇ ಇದ್ದು, ಅದರ ತಂತಿ ಆಸನದ ಕೆಳಗೆ ಹಾಯುತ್ತದೆ. ಆಸನ ಹಿಂದೆ ಮುಂದೆ ಸರಿದಂತೆಲ್ಲ ತಂತಿ ಎಳೆದಾಡುತ್ತದೆ. ಗುಡಿಸುವಾಗ ನಿರ್ವಾತ ಯಂತ್ರದ ಕೊಳವೆ ತಗಲುವುದೂ ಉಂಟು. ಸ್ವಿಚ್ಚು ಸವೆದು ಅಥವಾ ಕನೆಕ್ಟರ್ ಸಡಿಲಾಗಿ ದೀಪ ಹತ್ತುತ್ತದೆ. ಇಲ್ಲೊಂದು ಮಾತು ನೆನಪಿರಲಿ. ಆಸನ ಬಿಚ್ಚಿ, ಕನೆಕ್ಟರ್ ಕಳಚಿ, ಆ ಸ್ಥಿತಿಯಲ್ಲಿ ಸುಮ್ಮನೆ ಕೀಲಿ ತಿರುಗಿಸಿದರೂ ಸಾಕು, ಗಣಕ ದೋಷವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆಮೇಲೆ ಕನೆಕ್ಟರನ್ನು ಸರಿಯಾಗಿ ಜೋಡಿಸಿದರೂ ದೀಪ ತಾನಾಗಿ ಆರುವುದಿಲ್ಲ. ತಕ್ಕ ಉಪಕರಣದಿಂದಲೇ ಅಳಿಸಬೇಕು.

ಎರಡನೆಯ ಶಂಕಿತ ಬ್ಯಾಟರಿ. ಜರ್ಮನಿಯಲ್ಲಿ ಇಂಥ ಕಾರುಗಳನ್ನು ಬೇಸಿಗೆಗಷ್ಟೇ ಓಡಿಸುವ ರೂಢಿಯಿದೆ; ವರ್ಷದ ಕೆಲವೇ ತಿಂಗಳಿಗೆ ಅನ್ವಯಿಸುವ ನೋಂದಣಿ ಫಲಕಗಳೂ ಅಲ್ಲಿವೆ. ಚಳಿಗಾಲವಿಡೀ ನಿಂತ ಕಾರಿನ ಬ್ಯಾಟರಿ ಸೊರಗಿ, ವಸಂತದಲ್ಲಿ ಕೀಲಿ ತಿರುಗಿಸಿದಾಗ ವೋಲ್ಟೇಜ್ ಕುಸಿದು ಈ ದೀಪ ಹತ್ತಬಹುದು. ದುಬಾರಿ ಬಿಡಿಭಾಗಗಳಿಗೆ ಕೈ ಹಾಕುವ ಮುನ್ನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ನೋಡುವುದು ಜಾಣತನ.

ನೀರು ಇನ್ನೊಂದು ಶತ್ರು. ಬಟ್ಟೆಯ ಮೇಲ್ಛಾವಣಿಯಿಂದ ಮಳೆನೀರು ಇಳಿದುಹೋಗಲು ಈ ಕಾರಿನಲ್ಲಿ ಸಣ್ಣ ರಂಧ್ರಗಳಿವೆ. ತರಗೆಲೆ ತುಂಬಿ ಅವು ಮುಚ್ಚಿಕೊಂಡರೆ ನೀರು ಒಳಗಿನ ಕಾರ್ಪೆಟ್ಟಿನಡಿ ಸೇರುತ್ತದೆ. ಕಳ್ಳತನ ತಡೆಯುವ ಗಣಕ ಎಡ ಆಸನದ ಕೆಳಗೇ ಇರುವುದರಿಂದ ಅದು ನೀರಿನಲ್ಲಿ ಮುಳುಗಿ ಕಾರೇ ಹೊರಡದಿರುವ ಪ್ರಸಂಗಗಳು ಸುಪರಿಚಿತ. ಅಲ್ಲೇ ಇರುವ ಕನೆಕ್ಟರುಗಳಿಗೆ ಕಿಲುಬು ಹಿಡಿಯುವುದೂ ಹೀಗೆಯೇ. ಕಾರು ನೋಡಲು ಹೋದವರು ಕಾರ್ಪೆಟ್ಟಿನ ಮೇಲೆ ಅಂಗೈ ಒತ್ತಿ ನೋಡಬೇಕು; ಅದಕ್ಕೇನೂ ಖರ್ಚಿಲ್ಲ.

ಸ್ಟೀರಿಂಗ್ ತಿರುಗಿಸಿದಾಗ ದೀಪ ಹತ್ತಿದರೆ, ಜೊತೆಗೆ ಹಾರ್ನ್ ಕೂಡ ಕೈಕೊಟ್ಟಿದ್ದರೆ, ಸಂಶಯ ಸ್ಟೀರಿಂಗಿನ ಹಿಂದಿರುವ ಸುರುಳಿ ತಂತಿಯ ಮೇಲೆ. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿರುವ ಈ ಪಟ್ಟಿಯ ಮೂಲಕವೇ ಚೀಲಕ್ಕೂ ಹಾರ್ನಿಗೂ ವಿದ್ಯುತ್ ಹರಿಯುತ್ತದೆ. ವರ್ಷಗಟ್ಟಲೆ ತಿರುಗಿ ತಿರುಗಿ ಅದು ತುಂಡಾಗುತ್ತದೆ, ಬದಲಾಯಿಸುವುದೊಂದೇ ದಾರಿ.

ಯಾವುದು ನಿಜವಾದ ಕಾರಣವೆಂದು ತಿಳಿಯಲು ಗಣಕದ ನೆನಪನ್ನು ಓದಬೇಕು. ಅಗ್ಗದ ಸಾಮಾನ್ಯ ಕೋಡ್ ರೀಡರುಗಳು ಎಂಜಿನ್ನಿನ ದೋಷವನ್ನಷ್ಟೇ ಓದುತ್ತವೆ. ಏರ್‌ಬ್ಯಾಗ್ ಗಣಕದೊಡನೆ ಮಾತನಾಡಬಲ್ಲ ಉಪಕರಣವೇ ಬೇಕು. ಮೊದಲು ಓದಿ, ಕೋಡನ್ನು ಬರೆದಿಟ್ಟುಕೊಂಡು, ದುರಸ್ತಿ ಮಾಡಿಸಿ, ಆಮೇಲೆ ಅಳಿಸಬೇಕು. ಓದದೆಯೇ ಅಳಿಸುವುದೆಂದರೆ ಆಡಿಟ್ ಟಿಪ್ಪಣಿಯ ಹಾಳೆಯನ್ನೇ ಹರಿದುಹಾಕಿದಂತೆ.

ಉತ್ಸಾಹಿಗಳು ಒಂದು ಗಡಿ ದಾಟಬಾರದು. ಏರ್‌ಬ್ಯಾಗ್ ಒಂದು ಸಣ್ಣ ಸಿಡಿಮದ್ದು. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಉಬ್ಬಿ ನಿಲ್ಲುವಂಥದ್ದು. ಚೀಲದ ತಂತಿಗೆ ಮಲ್ಟಿಮೀಟರ್ ಹಿಡಿದು ಅಳೆಯಕೂಡದು. ಮೀಟರಿನ ಅಲ್ಪ ವಿದ್ಯುತ್ತೂ ಅದನ್ನು ಹೊತ್ತಿಸುವ ಅಪಾಯವಿದೆ. ಬ್ಯಾಟರಿ ಕಳಚಿದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಅಪಘಾತದಲ್ಲಿ ಬ್ಯಾಟರಿ ನಜ್ಜುಗುಜ್ಜಾದರೂ ಚೀಲ ಬಿಚ್ಚಿಕೊಳ್ಳಲೆಂದು ಗಣಕ ತನ್ನೊಳಗೆ ಒಂದಿಷ್ಟು ವಿದ್ಯುತ್ತನ್ನು ಕೂಡಿಟ್ಟಿರುತ್ತದೆ. ಜರ್ಮನಿಯಲ್ಲಂತೂ ಇದು ಸ್ಫೋಟಕಗಳ ಕಾಯಿದೆಗೆ ಒಳಪಟ್ಟ ವಸ್ತು. ತರಬೇತಿ ಪಡೆದವರಷ್ಟೇ ಮುಟ್ಟಬಹುದು. ದೀಪ ಉರಿಯುತ್ತಿದ್ದರೆ ಅಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಯಲ್ಲಿ ಕಾರು ತೇರ್ಗಡೆಯಾಗುವುದಿಲ್ಲ.

ಇಷ್ಟಾದರೂ ದೀಪಕ್ಕೆ ತಿಳಿಯದ ಸಂಗತಿಯೊಂದಿದೆ. ಅದು ತಂತಿಗಳ ಕಥೆ ಹೇಳುತ್ತದೆಯೇ ಹೊರತು ಒಳಗಿನ ಮದ್ದಿನ ಕಥೆಯನ್ನಲ್ಲ. ಜಪಾನಿನ ತಕಾತ ಕಂಪನಿ ತಯಾರಿಸಿದ ಏರ್‌ಬ್ಯಾಗುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ಸೆಕೆ ಮತ್ತು ತೇವದಲ್ಲಿ ವರ್ಷಾನುಗಟ್ಟಲೆ ಹದಗೆಟ್ಟು, ಚೀಲ ಬಿಚ್ಚುವಾಗ ಲೋಹದ ಡಬ್ಬಿಯೇ ಸಿಡಿದು ಜನ ಸತ್ತದ್ದು ಈಗ ಜಗತ್ತಿಗೇ ಗೊತ್ತು. ಕಂಪನಿ 2017ರಲ್ಲಿ ದಿವಾಳಿಯಾಯಿತು. ಮಾಜ್ದಾ ಆರ್‌ಎಕ್ಸ್-8, ಹೋಂಡಾ ಎಸ್2000ದಂತಹ ಸ್ಪೋರ್ಟ್ಸ್ ಕಾರುಗಳೂ ಹಿಂದಕ್ಕೆ ಕರೆಸಿದ ಪಟ್ಟಿಯಲ್ಲಿ ಸೇರಿದ್ದವು. ಭಾರತದಲ್ಲಿಯೂ ಹೋಂಡಾದ ಹಲವು ಹಳೆಯ ಕಾರುಗಳಿಗೆ ಈ ಕಾರಣದಿಂದಲೇ ಹೊಸ ಭಾಗ ಜೋಡಿಸಲಾಯಿತು. ಅಂಥ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ದೀಪ ಕ್ರಮವಾಗಿಯೇ ಹತ್ತಿ ಆರುತ್ತಿತ್ತು. ಆದುದರಿಂದ ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಹಳೆಯ ಕಾರು ಇಟ್ಟುಕೊಂಡಿರುವ ನಮ್ಮವರು ತಮ್ಮ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಒಮ್ಮೆ ಪರಿಶೀಲಿಸುವುದು ಲೇಸು. ಐದು ನಿಮಿಷದ ಕೆಲಸ.

ಅಳಿಯ ಮರುವಾರ ಮತ್ತೆ ಅಲ್ಲಿಗೆ ಹೋದನಂತೆ. ಕೀಲಿ ತಿರುಗಿಸಿ, ದೀಪ ಏಕೆ ಹತ್ತುವುದಿಲ್ಲವೆಂದು ಕೇಳಿದಾಗ ಮಾರುವವರು ಮಾತನ್ನು ಕಾರಿನ ಬಣ್ಣದತ್ತ ತಿರುಗಿಸಿದರಂತೆ. ಉಪಕರಣ ತಂದು ಗಣಕದ ನೆನಪನ್ನು ಓದಿಸಲು ಒಪ್ಪುತ್ತೀರಾ ಎಂದದ್ದಕ್ಕೆ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾರೆಂಬ ಉತ್ತರ ಬಂತು. ಆತ ಕೈಮುಗಿದು ಹಿಂದಿರುಗಿದ. ಈಗ ಬೇರೆ ಕಾರು ಹುಡುಕುತ್ತಿದ್ದಾನೆ.