ಅಭಿಮಾನಿಯ ಅಂಗೈಯಲ್ಲಿ ಆಟಗಾರ

ವಿಶ್ವನಾಥನ ದರ್ಶನಕ್ಕೆಂದು ಕನ್ನಡನಾಡಿನಿಂದ ಬರುವ ಯಾತ್ರಿಕರಲ್ಲಿ ಅನೇಕರು ಕಾಶಿಯು ಹಾಕಿ ಆಟಕ್ಕೂ ಹೆಸರಾದ ಕ್ಷೇತ್ರವೆಂಬುದನ್ನು ಅರಿಯರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಭಾರತವು ಸ್ಪೇನ್ ತಂಡವನ್ನು 4–3ರಿಂದ ಮಣಿಸಿ ಚಿನ್ನದ ಪದಕ ಗೆದ್ದಾಗ, ಚೆಂಡನ್ನು ಕೋಲಿಗೆ ಅಂಟಿಸಿಕೊಂಡವರಂತೆ ಓಡುತ್ತಿದ್ದ ಮೊಹಮ್ಮದ್ ಶಾಹಿದ್ ಇದೇ ಊರಿನವರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಆಡಿದ ವಿವೇಕ್ ಸಿಂಗ್, 1996ರ ಅಟ್ಲಾಂಟಾದಲ್ಲಿ ಆಡಿದ ಅವರ ಸಹೋದರ ರಾಹುಲ್ ಸಿಂಗ್, ಅನಂತರ ಟೋಕಿಯೋ ಮತ್ತು ಪ್ಯಾರಿಸ್‌ಗಳಲ್ಲಿ ಕಂಚಿನ ಪದಕ ಧರಿಸಿದ ಲಲಿತ್ ಉಪಾಧ್ಯಾಯ, ಇವರೆಲ್ಲರೂ ಇಲ್ಲಿಯ ಮಣ್ಣಿನಲ್ಲಿಯೇ ಕೋಲು ಹಿಡಿದವರು.

ಶಾಹಿದ್ ಅವರ ಕಾಲದಲ್ಲಿ ದೂರದ ಅಭಿಮಾನಿಗೆ ಇದ್ದ ಆಸರೆ ಆಕಾಶವಾಣಿ ಮತ್ತು ಮರುದಿನದ ವೃತ್ತಪತ್ರಿಕೆ. ಆಟಗಾರನ ಮಾತು ವರದಿಗಾರನ ಲೇಖನಿಯ ಮೂಲಕವೇ ಹಾದು ಬರಬೇಕಾಗಿತ್ತು. ಊರಿನವರ ಸಂಗತಿ ಬೇರೆ. ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದ ಶಾಹಿದ್ ಅವರನ್ನು ಬನಾರಸದ ಜನ ಬೀದಿಯಲ್ಲಿಯೇ ಕಾಣುತ್ತಿದ್ದರು. ಯಕೃತ್ತು ಮತ್ತು ಮೂತ್ರಪಿಂಡಗಳ ಕಾಯಿಲೆಯಿಂದ ಅವರು 2016ರ ಜುಲೈ 20ರಂದು ಗುರುಗ್ರಾಮದ ಆಸ್ಪತ್ರೆಯಲ್ಲಿ ನಿಧನರಾಗುವ ವೇಳೆಗೆ ಕಾಲ ಪೂರ್ತಿಯಾಗಿ ಬದಲಾಗಿತ್ತು. ಸುದ್ದಿಯೂ ಶೋಕವೂ ಕೈಫೋನಿನ ಪರದೆಯ ಮೇಲೆಯೇ ಹರಿಯತೊಡಗಿದ್ದವು.

ಆಟಗಾರನಿಗೆ ತನ್ನದೇ ಧ್ವನಿಯಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಲಲಿತ್ ಅವರ ಬಾಲ್ಯದ ಪ್ರಸಂಗವೇ ನಿದರ್ಶನ. 2008ರಲ್ಲಿ ಒಂದು ದೂರದರ್ಶನ ವಾಹಿನಿಯು, ತಂಡದ ಆಯ್ಕೆಗಾಗಿ ಲಂಚ ಪಡೆಯಲಾಗುತ್ತಿದೆಯೆಂದು ತೋರಿಸಲು ನಡೆಸಿದ ಕುಟುಕು ಕಾರ್ಯಾಚರಣೆಯಲ್ಲಿ ಈ ಹುಡುಗನ ಹೆಸರನ್ನು ಬಳಸಿಕೊಂಡಿತು. ಇನ್ನೂ 15 ತುಂಬದಿದ್ದ ಬಾಲಕನಿಗೆ ಅದರ ಸುಳಿವೇ ಇರಲಿಲ್ಲ. ಹಾಕಿ ಆಡಳಿತದಲ್ಲಿ ದೊಡ್ಡ ಕೋಲಾಹಲವಾಯಿತು. ಇತ್ತ ಹುಡುಗ ಜನರ ಕೊಂಕುಮಾತಿಗೆ ಗುರಿಯಾಗಿ ಆಟವನ್ನೇ ಬಿಡುವ ಮನಃಸ್ಥಿತಿಗೆ ಬಂದನು. ದೇಶವೆಲ್ಲ ಅವನ ಹೆಸರನ್ನು ಕೇಳಿತು, ಅವನ ಮಾತನ್ನು ಯಾರೂ ಕೇಳಲಿಲ್ಲ. ಧನರಾಜ್ ಪಿಳ್ಳೈ ಅವರು ಏರ್ ಇಂಡಿಯಾ ತಂಡಕ್ಕೆ ಕರೆದುಕೊಂಡು ಬೆನ್ನು ತಟ್ಟದಿದ್ದಲ್ಲಿ ಭಾರತಕ್ಕೆ ಒಬ್ಬ ಮುನ್ಪಡೆಯ ಆಟಗಾರ ನಷ್ಟವಾಗುತ್ತಿದ್ದುದು ಬಹುತೇಕ ಖಚಿತ.

ಇಂದು ಪ್ರತಿಯೊಬ್ಬ ಆಟಗಾರನಿಗೂ ಇನ್‌ಸ್ಟಾಗ್ರಾಂ, ಎಕ್ಸ್, ಫೇಸ್‌ಬುಕ್‌ಗಳಲ್ಲಿ ಸ್ವಂತ ಖಾತೆಯುಂಟು. ವಿರಾಟ್ ಕೊಹ್ಲಿಯವರನ್ನು ಇನ್‌ಸ್ಟಾಗ್ರಾಂನಲ್ಲಿ ಅನುಸರಿಸುವವರು 25 ಕೋಟಿಗೂ ಮಿಕ್ಕಿದ್ದಾರೆ. ಈ ಠೇವಣಿಯಿಂದ ಲೋಕೋಪಕಾರವೂ ಸಾಧ್ಯ. 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಉಳಿಯಬೇಕಾಗಿ ಬಂದ ಭಾರತದ ಮಹಿಳಾ ಹಾಕಿ ತಂಡದವರು, ಸುಮ್ಮನೆ ಕೂರದೆ 18 ದಿನಗಳ ವ್ಯಾಯಾಮದ ಸವಾಲನ್ನು ಜಾಲತಾಣದಲ್ಲಿ ಒಡ್ಡಿದರು. ಒಬ್ಬೊಬ್ಬ ಆಟಗಾರ್ತಿ ದಿನಕ್ಕೊಂದು ಕಸರತ್ತನ್ನು ಮಾಡಿ ತೋರಿಸಿ, ಇನ್ನು ಹತ್ತು ಮಂದಿಯನ್ನು ಹೆಸರಿಸಿ, 100 ರೂಪಾಯಿ ದಾನವನ್ನು ಕೋರುವುದು ಅದರ ಕ್ರಮ. ಹೀಗೆ ಒಟ್ಟುಗೂಡಿದ 20 ಲಕ್ಷಕ್ಕೂ ಮೀರಿದ ಹಣ ವಲಸೆ ಕಾರ್ಮಿಕರೇ ಮೊದಲಾದ ಬಡವರಿಗೆ ತಲಪಿತು. ಮನೆಯಲ್ಲಿ ಬಂಧಿಗಳಾಗಿದ್ದ ಅಭಿಮಾನಿಗಳ ಮೈಯೂ ಕೊಂಚ ಬಾಗಿತು.

ಇದೇ ಖಾತೆಯ ಖರ್ಚಿನ ಪುಟವು ಕಹಿಯಾದದ್ದು. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಭಾರತವು ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಾಗ ಮೊಹಮ್ಮದ್ ಶಮಿ ಅವರ ಮೇಲೆ ಹರಿದ ಬೈಗುಳಗಳ ಪ್ರವಾಹ, ಮರುವರ್ಷ ಒಂದು ಕ್ಯಾಚ್ ಕೈಬಿಟ್ಟ ತಪ್ಪಿಗೆ ತರುಣ ಅರ್ಷದೀಪ್ ಸಿಂಗ್ ಕೇಳಬೇಕಾದ ಮಾತುಗಳು ಯಾವ ಸಭ್ಯ ಸಮಾಜಕ್ಕೂ ಶೋಭೆಯಲ್ಲ. ಹಿಂದೆ ಮೈದಾನದ ಅಂಚಿನಲ್ಲಿ ಕೂಗಿದವನ ಕೂಗು ಮೈದಾನದಲ್ಲಿಯೇ ಅಡಗುತ್ತಿತ್ತು. ಈಗ ಅದು ಆಟಗಾರನ ಹಾಸಿಗೆಯವರೆಗೂ ಬರುತ್ತದೆ. ಪಂದ್ಯದ ಉದ್ವೇಗದಿಂದ ಮೊದಲೇ ಕಾವೇರಿದ ಮನಸ್ಸು ನಡುರಾತ್ರಿ ನಿಂದೆಗಳನ್ನು ಓದುತ್ತ ಕುಳಿತರೆ ನಿದ್ರೆ ದೂರವಾಗುತ್ತದೆ. ದಣಿದ ಸ್ನಾಯುಗಳು ಚೇತರಿಸಿಕೊಳ್ಳುವುದು ನಿದ್ರೆಯಲ್ಲಿ. ಅದು ಕೆಟ್ಟರೆ ಮರುದಿನದ ಏಕಾಗ್ರತೆ ಕುಂದುತ್ತದೆ, ಗಾಯದ ಸಂಭವ ಹೆಚ್ಚುತ್ತದೆ. ಮಲಗುವ ಕೋಣೆಯಿಂದ ಫೋನನ್ನು ಹೊರಗಿಡುವುದು, ಪಂದ್ಯದ ದಿನ ಪ್ರತಿಕ್ರಿಯೆಗಳನ್ನು ಓದದಿರುವುದು, ಖಾತೆಯನ್ನು ನಂಬಿಕೆಯ ಬೇರೊಬ್ಬರ ವಶಕ್ಕೊಪ್ಪಿಸುವುದು ಇದಕ್ಕೆ ಸುಲಭವಾದ ಉಪಾಯಗಳು. ನಮ್ಮ ರಾಹುಲ್ ದ್ರಾವಿಡ್ ಅವರಂತೂ ಈ ಜಾಲದಿಂದ ದೂರವೇ ಉಳಿದು ಅಭಿಮಾನಿಗಳ ಪ್ರೀತಿಯನ್ನು ಕಿಂಚಿತ್ತೂ ಕಳೆದುಕೊಂಡಿಲ್ಲ.

ಓದುಗರು ತಾವೂ ಎಚ್ಚರ ವಹಿಸಬೇಕಾದ ಸಂಗತಿ ಇನ್ನೊಂದಿದೆ. ಅಭಿಮಾನಕ್ಕೆ ಮಾರುಕಟ್ಟೆಯ ಬೆಲೆ ಬಂದಿರುವುದರಿಂದ, ಆಟಗಾರನು ಮಿತ್ರನಂತೆ ಹೇಳುವ ಪೌಷ್ಟಿಕ ಪುಡಿಯ ಮಾತು ಹಣ ಪಡೆದ ಮಾತೂ ಆಗಿರಬಹುದು. ಅಂಥದನ್ನು ಜಾಹೀರಾತು ಎಂದೇ ಗುರುತಿಸಬೇಕೆಂಬ ನಿಯಮವನ್ನು ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ರೂಪಿಸಿತು. 2023ರಲ್ಲಿ ಕೇಂದ್ರ ಸರ್ಕಾರವೂ ಮಾರ್ಗಸೂಚಿಗಳನ್ನು ಹೊರಡಿಸಿತು. ಕಲಬೆರಕೆಯಾದ ಇಂಥ ಪುಡಿಗಳಿಂದ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಆಟಗಾರರೇ ಉಂಟು. ಜಾಹೀರಾತಿನ ಗುರುತು ಕಂಡಲ್ಲಿ ಮಗನಿಗೆ ಡಬ್ಬಿ ಕೊಡಿಸುವ ಮುನ್ನ ವೈದ್ಯರನ್ನು ಕೇಳುವುದು ಕ್ಷೇಮ.

ಇಷ್ಟೆಲ್ಲ ಕೆಡುಕಿದ್ದರೂ ಆಟಗಾರನು ಗಳಿಸಿಕೊಂಡಿರುವ ಧ್ವನಿಯನ್ನು ಕಡಿಮೆ ಲೆಕ್ಕ ಹಾಕಲಾಗದು. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಭಾರತವು ಜರ್ಮನಿಯನ್ನು 5–4ರಿಂದ ಸೋಲಿಸಿ, 41 ವರ್ಷಗಳ ಅನಂತರ ಹಾಕಿ ಪದಕ ಪಡೆದಾಗ ಲಲಿತ್ ಆ ತಂಡದಲ್ಲಿದ್ದರು. 2025ರ ಜೂನ್ ತಿಂಗಳಿನಲ್ಲಿ, ಪ್ರೊ ಲೀಗ್‌ನ ಯುರೋಪಿನ ಪಂದ್ಯಗಳು ಮುಗಿದೊಡನೆ, ಅವರು ತಮ್ಮ ನಿವೃತ್ತಿಯನ್ನು ಯಾವ ವರದಿಗಾರನಿಗೂ ಕಾಯದೆ ಜಾಲತಾಣದ ತಮ್ಮ ಪುಟದಲ್ಲಿಯೇ ಬರೆದು ತಿಳಿಸಿದರು. ಸಣ್ಣ ಹಳ್ಳಿಯಿಂದ ಅಲ್ಪ ಅನುಕೂಲಗಳೊಂದಿಗೆ ಹೊರಟದ್ದನ್ನು, ಎರಡು ಬಾರಿ ಒಲಿಂಪಿಕ್ಸ್ ವೇದಿಕೆಯೇರಿದ್ದನ್ನು ನೆನೆದ ಆ ಬರಹದಲ್ಲಿ, ಬಾಲ್ಯದಲ್ಲಿ ತಮ್ಮನ್ನು ಬಾಧಿಸಿದ ಕುಟುಕು ಕಾರ್ಯಾಚರಣೆಯ ಪ್ರಸ್ತಾಪವನ್ನೂ ಅವರು ಬಿಡಲಿಲ್ಲ.