ಹದಿನೆಂಟು ತುಂಬಿತು, ಇವತ್ತು ರಾತ್ರಿ ಎಲ್ಲಿ?

ಹದಿನೆಂಟು ತುಂಬಿತು ಅಂದರೆ ನಿಮಗೆ ಏನೇನು ನೆನಪಾಗುತ್ತದೆ? ಮತದಾರರ ಪಟ್ಟಿಯಲ್ಲಿ ಹೆಸರು, ಡ್ರೈವಿಂಗ್ ಲೈಸೆನ್ಸ್, ಗೆಳೆಯರಿಗೆ ಕೊಡಿಸಿದ ಪಾರ್ಟಿ. ಬಾಲಮಂದಿರದಲ್ಲಿ ಬೆಳೆದ ನನ್ನಂಥವರಿಗೆ ಅದು ಜಾಗ ಖಾಲಿ ಮಾಡುವ ಹೊತ್ತು. ಎಂಟು ವರ್ಷ ಮಲಗಿದ ಮಂಚ, ಹೆಸರು ಬರೆದಿಟ್ಟ ಟ್ರಂಕು, ಊಟದ ತಟ್ಟೆ ಎಲ್ಲವೂ ಇನ್ನೊಬ್ಬ ಹುಡುಗನ ಪಾಲಾಗುತ್ತವೆ. ಅದರಲ್ಲಿ ತಪ್ಪೇನಿಲ್ಲ, ಅವನಿಗೂ ನೆಲೆ ಬೇಕು. ಆದರೆ ನಾವು ಎಲ್ಲಿಗೆ ಹೋಗಬೇಕು?

‘ಒಂದು ಕೆಲಸ ಹಿಡಿ, ಎಲ್ಲ ಸರಿ ಹೋಗುತ್ತೆ’ ಎಂದು ಹೇಳುವವರೇ ಹೆಚ್ಚು. ಪಿಯುಸಿ ಮುಗಿಸಿ ಹುಬ್ಬಳ್ಳಿಗೆ ಬಂದ ಮೇಲೆ ನನಗೆ ಗೊತ್ತಾಗಿದ್ದು, ಕೆಲಸಕ್ಕೂ ಮೊದಲು ವಿಳಾಸ ಬೇಕು ಎಂಬುದು. ಕೆಲಸದ ಅರ್ಜಿಯಲ್ಲಿ ಮನೆ ವಿಳಾಸದ ಕಾಲಂ. ಪಿ.ಜಿ.ಯಲ್ಲಿ ತಂದೆಯ ಫೋನ್ ನಂಬರ್ ಕೇಳುತ್ತಾರೆ. ಬಾಡಿಗೆ ರೂಮಿಗೆ ಅಡ್ವಾನ್ಸ್ ಕೊಡಬೇಕು. ಸಂಬಳ ಬರುವುದು ತಿಂಗಳು ದುಡಿದ ಮೇಲೆ, ಅಡ್ವಾನ್ಸ್ ಕೊಡಬೇಕಾದದ್ದು ಮೊದಲ ದಿನವೇ. ನಮ್ಮಲ್ಲಿ ಅನೇಕರು ಎಡವುವುದು ಈ ಒಂದು ತಿಂಗಳಲ್ಲಿ. ಓದು ಬಿಡುವುದು, ಮಲಗಲು ಜಾಗ ಕೊಡುತ್ತಾರೆಂದು ಸಿಕ್ಕ ಸಿಕ್ಕ ಹೋಟೆಲಿಗೆ ಸೇರುವುದು ಆಗಲೇ. ಕಾಲೇಜು ಹಾಸ್ಟೆಲ್ ಸಿಕ್ಕರೂ ಬೇಸಿಗೆ ರಜೆಯಲ್ಲಿ ಮೆಸ್ ಮುಚ್ಚುತ್ತದೆ. ಎಲ್ಲರೂ ಊರಿಗೆ ಹೊರಡುತ್ತಾರೆ. ಊರೇ ಇಲ್ಲದವನು ಬ್ಯಾಗು ಹಿಡಿದು ಎಲ್ಲಿಗೆ ಹೋಗಬೇಕು?

ನನ್ನ ಕೈ ಹಿಡಿದದ್ದು ನಮ್ಮ ಬಾಲಮಂದಿರದಿಂದಲೇ ಮೂರು ವರ್ಷ ಮೊದಲು ಹೊರಬಂದ ಅಣ್ಣ. ತನ್ನ ರೂಮಿನಲ್ಲಿ ಚಾಪೆ ಹಾಸಲು ಜಾಗ ಕೊಟ್ಟ. ‘ಇಲ್ಲೇ ಇರು ತಮ್ಮಾ, ಆದ್ರ ಸುಮ್ನ ಕೂಡಬ್ಯಾಡ. ನಿನಗ ಬರಬೇಕಾದದ್ದು ಐತಿ, ಹೋಗಿ ಕೇಳು’ ಅಂದ.

ಬರಬೇಕಾದದ್ದು ನಿಜಕ್ಕೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ಕೊಡುವ ಬಗ್ಗೆ ಹೇಳುತ್ತದೆ. ಇದಕ್ಕೆ ಅನುಪಾಲನೆ ಎನ್ನುತ್ತಾರೆ. ಇದು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಸಿಗುತ್ತದೆ. ಕೇಂದ್ರದ 2016ರ ಮಾದರಿ ನಿಯಮಗಳಲ್ಲಿ ಆರರಿಂದ ಎಂಟು ಮಂದಿ ಒಟ್ಟಿಗೆ ಇರುವ ತಾತ್ಕಾಲಿಕ ವಸತಿ, ತರಬೇತಿಯ ಅವಧಿಗೆ ಸ್ಟೈಪೆಂಡ್, ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನದ ಮಾತೂ ಇದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದ್ದಾರೆ.

ಒಂದು ವಿಷಯ ಗಮನಿಸಿ. ಕಾಯ್ದೆಯಲ್ಲಿ ಇರುವ ಪದ ‘ಕೊಡಬಹುದು’, ‘ಕೊಡಲೇಬೇಕು’ ಅಲ್ಲ. ಹಾಗಾಗಿ ನಾವು ಕೇಳಲೇಬೇಕು. ಕೇಳುವ ಜಾಗ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿ. ಅರ್ಜಿ, ಸಮಿತಿಯ ಮುಂದೆ ಹಾಜರಿ, ಕಾಗದಪತ್ರ ಅಂತ ನನ್ನ ಕೆಲಸ ಮುಗಿಯಲು ಮೂರು ತಿಂಗಳು ಹಿಡಿಯಿತು. ಈಗ ಬೆಳಿಗ್ಗೆ ಬಿ.ಕಾಂ. ತರಗತಿ, ಸಂಜೆ ಮೆಡಿಕಲ್ ಶಾಪಿನಲ್ಲಿ ಕೆಲಸ. ಬಾಡಿಗೆಯಲ್ಲಿ ನನ್ನ ಪಾಲನ್ನು ನಾನೇ ಕೊಡುತ್ತೇನೆ.

ಆದರೆ ಮೂರು ತಿಂಗಳು ಕಾಯಲಾಗದವರು? ಇವತ್ತು ರಾತ್ರಿಯೇ ಜಾಗ ಬೇಕಾದವರು? ದೊಡ್ಡ ನಗರಗಳಲ್ಲಿ ಪಾಲಿಕೆಯ ಮೂಲಕ ನಡೆಯುವ, ವಸತಿ ಇಲ್ಲದವರ ಆಶ್ರಯ ಕೇಂದ್ರಗಳಿವೆ. ಒಂದು ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಬಸ್ ನಿಲ್ದಾಣದ ಬೆಂಚಿಗಿಂತ ಅದು ಎಷ್ಟೋ ವಾಸಿ. ದೌರ್ಜನ್ಯಕ್ಕೆ ಸಿಕ್ಕಿದ ಅಥವಾ ಆ ಭಯದಲ್ಲಿರುವ ಹುಡುಗಿಯರು 181ಕ್ಕೆ ಕರೆ ಮಾಡಬಹುದು. ‘ಸಖಿ’ ಒನ್ ಸ್ಟಾಪ್ ಕೇಂದ್ರದಲ್ಲಿ ಐದು ದಿನದವರೆಗೆ ತಂಗಲು ಅವಕಾಶವಿದೆ. ಹೆಚ್ಚು ದಿನ ಬೇಕಾದರೆ ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ‘ಶಕ್ತಿ ಸದನ’, ಕೆಲಸ ಸಿಕ್ಕವರಿಗೆ ‘ಸಖಿ ನಿವಾಸ’ ಹಾಸ್ಟೆಲ್‌ಗಳಿವೆ. ಇನ್ನೂ ಹದಿನೆಂಟು ತುಂಬದವರಿಗೆ 1098 ಇದ್ದೇ ಇದೆ.

ಈಗ ಬಾಲಮಂದಿರದಲ್ಲಿ ಇರುವ ತಮ್ಮ, ತಂಗಿಯರಿಗೆ ಮೂರು ಮಾತು. ಒಂದು, ಹೊರಹೋಗುವ ಎರಡು ತಿಂಗಳು ಮೊದಲೇ ನಿಮ್ಮ ಮುಂದಿನ ಯೋಜನೆ ಸಿದ್ಧವಾಗಿ ಸಮಿತಿಗೆ ಹೋಗಬೇಕೆಂದು ನಿಯಮವೇ ಹೇಳುತ್ತದೆ. ‘ನನ್ನದು ಆಯ್ತಾ ಮೇಡಂ?’ ಎಂದು ಸಂಕೋಚ ಬಿಟ್ಟು ಕೇಳಿ. ಎರಡು, ಆಧಾರ್, ಅಂಕಪಟ್ಟಿ, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಸಂಸ್ಥೆಯಲ್ಲಿ ಇದ್ದುದಕ್ಕೆ ಪತ್ರ ಇವೆಲ್ಲ ಕೈಯಲ್ಲಿ ಇರಲಿ. ನೆರವಿನ ಹಣ ಬರುವುದು ನಿಮ್ಮ ಖಾತೆಗೇ. ಮೂರು, ನಿಮಗಿಂತ ಮೊದಲು ಹೊರಹೋದ ಇಬ್ಬರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಮನೆ ಇರುವ ಗೆಳೆಯರಿಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ರಜೆ ಬಂದರೂ ಊರಿನ ಸುದ್ದಿ ಎತ್ತದವನು, ‘ನಿಮ್ಮಪ್ಪ ಏನ್ ಮಾಡ್ತಾರೆ’ ಎಂದರೆ ಮಾತು ಬದಲಿಸುವವಳು ಇರಬಹುದು. ಕೆದಕಬೇಡಿ, ಅಯ್ಯೋ ಪಾಪ ಅನ್ನಲೂ ಬೇಡಿ. ‘ರಜೆಗೆ ನಮ್ಮ ಮನೆಗೆ ಬಾ’ ಅನ್ನಿ. ನಿಮ್ಮ ಪಿ.ಜಿ. ಮಾಲೀಕರ ಹತ್ತಿರ ‘ಇವನು ನಮ್ಮ ಕ್ಲಾಸಿನವನು, ಅಡ್ವಾನ್ಸ್ ಸಂಬಳ ಆದ ಮೇಲೆ ಕೊಡ್ತಾನೆ’ ಎಂದು ಒಂದು ಮಾತು ಹೇಳಿ. ಅಪ್ಪನ ಫೋನ್ ನಂಬರ್ ಇಲ್ಲದವನಿಗೆ ಆ ಒಂದು ಮಾತೇ ಜಾಮೀನು.